ಗರ್ಭನಾಳದಲ್ಲಿ ಅಡಗುವ ಕ್ಷಯ

ಕುಂದಾಪುರದ ಕಡೆ ಮದುವೆಯಾಗಿ ವರ್ಷ ಕಳೆದ ಹೆಣ್ಣುಮಗಳು ತವರಿಗೆ ಬಂದಳೆಂದರೆ ನೆರೆಮನೆಯವರು ಮೊದಲು ಕೇಳುವುದು, “ವಿಶೇಷ ಎಂತಾರೂ ಇತ್ತಾ?” ಎರಡನೇ ವರ್ಷಕ್ಕೆ ಆ ಮಾತಿನ ದನಿ ಬದಲಾಗಿರುತ್ತದೆ. ಮೂರನೇ ವರ್ಷಕ್ಕೆ ಅವಳನ್ನು ಕೇಳುವುದು ಬಿಟ್ಟು ಅವಳ ಅಮ್ಮನನ್ನು ಕೇಳುತ್ತಾರೆ. ಅಷ್ಟರೊಳಗೆ ಮನೆಯವರು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿರುತ್ತಾರೆ, ನಾಗನಿಗೆ ತನು ಎರೆಸಿರುತ್ತಾರೆ, ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಬಂದಿರುತ್ತಾರೆ, ಮಂದಾರ್ತಿಗೋ ಮಾರಣಕಟ್ಟೆಗೋ ಒಂದು ಯಕ್ಷಗಾನ ಆಟದ ಹರಕೆಯನ್ನೂ ಹೊತ್ತಿರುತ್ತಾರೆ. ಇದರಲ್ಲಿ ಯಾವುದನ್ನೂ ನಾನು ಹಗುರವಾಗಿ ಕಾಣುವವನಲ್ಲ. ಮಗು ಬೇಕೆಂಬ ಆಸೆ ಎಷ್ಟು ಆಳದ್ದು ಎಂಬುದು ಈ ಹರಕೆಗಳಿಂದಲೇ ಗೊತ್ತಾಗುತ್ತದೆ. ಆದರೆ ಇಷ್ಟು ಜನ ಇಷ್ಟು ಕೇಳುವಾಗಲೂ ಒಂದು ಮಾತನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲ, ಎಷ್ಟೋ ಸಲ ಆಸ್ಪತ್ರೆಯಲ್ಲೂ ಕೇಳುವುದಿಲ್ಲ: ನಿನಗಾಗಲಿ ನಿನ್ನ ಮನೆಯವರಿಗಾಗಲಿ ಹಿಂದೆ ಯಾವಾಗಲಾದರೂ ಟಿ.ಬಿ. ಆಗಿತ್ತಾ?

ಟಿ.ಬಿ. ಎಂದರೆ ನಮಗೆ ನೆನಪಾಗುವುದು ಬಿಡದ ಕೆಮ್ಮು, ಕಫದಲ್ಲಿ ರಕ್ತ, ಇಳಿದುಹೋದ ಮೈ. ಶ್ವಾಸಕೋಶದ ಕ್ಷಯಕ್ಕೆ ಆ ಚಿತ್ರ ಸರಿಯೇ. ಆದರೆ ಈ ರೋಗಾಣು ಶ್ವಾಸಕೋಶದಲ್ಲೇ ಉಳಿಯುವುದಿಲ್ಲ. ರಕ್ತದ ಜೊತೆ ಹರಿದು ಬೆನ್ನುಮೂಳೆಗೆ, ಮೂತ್ರಪಿಂಡಕ್ಕೆ, ಮಿದುಳಿನ ಪೊರೆಗೆ, ಕುತ್ತಿಗೆಯ ಗಂಟುಗಳಿಗೆ ಹೋಗಿ ಸೇರುತ್ತದೆ. ಹೆಂಗಸರಲ್ಲಿ ಗರ್ಭನಾಳಕ್ಕೂ ಗರ್ಭಕೋಶಕ್ಕೂ ಬಂದು ಸೇರುತ್ತದೆ. ಅಲ್ಲಿ ನೆಲೆನಿಂತ ಕ್ಷಯಕ್ಕೆ ಕೆಮ್ಮಿಲ್ಲ. ಗಾಳಿಯಲ್ಲಿ ಇನ್ನೊಬ್ಬರಿಗೆ ಹರಡುವುದಿಲ್ಲ. ಬಹಳ ಜನರಿಗೆ ನೋವೂ ಇರುವುದಿಲ್ಲ. ಬಸಿರು ನಿಲ್ಲುವ ದಾರಿಯನ್ನು ಮಾತ್ರ ಅದು ವರ್ಷಗಟ್ಟಲೆ ಹಿಡಿದು ಮುಚ್ಚುತ್ತ ಬರುತ್ತದೆ. ಮಕ್ಕಳಾಗದಿರುವುದಕ್ಕೆ ಇರುವ ಕಾರಣಗಳಲ್ಲಿ, ಆರು ತಿಂಗಳು ಮಾತ್ರೆ ನುಂಗಿ ರೋಗವನ್ನು ಬೇರುಸಹಿತ ಕಿತ್ತುಹಾಕಬಹುದಾದವು ಬಹಳವಿಲ್ಲ. ಇದು ಅಂಥ ಒಂದು. ಆ ಮಾತ್ರೆ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ. ಆದರೂ ರೋಗ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ ಎಂಬುದೇ ನನ್ನನ್ನು ಈ ಲೇಖನ ಬರೆಯಲು ಕೂರಿಸಿದ್ದು.

ಈ ರೋಗ ಹೊಸತಲ್ಲ. ಕ್ಷಯದಿಂದ ತೀರಿಕೊಂಡ ಇಪ್ಪತ್ತು ವರ್ಷದ ಹೆಣ್ಣುಮಗಳೊಬ್ಬಳ ಗರ್ಭಕೋಶ ಮತ್ತು ನಾಳಗಳಲ್ಲಿ ಕ್ಷಯದ ಗುರುತುಗಳನ್ನು ಇಟಲಿಯ ವೈದ್ಯ ಮೊರ್ಗಾಗ್ನಿ 1744ರಲ್ಲೇ ಕಂಡು ಬರೆದಿಟ್ಟಿದ್ದ. ರೋಬರ್ಟ್ ಕೋಖ್ ಕ್ಷಯದ ರೋಗಾಣುವನ್ನು ಪತ್ತೆಹಚ್ಚಿದ್ದಾಗಿ ಬರ್ಲಿನ್ನಿನಲ್ಲಿ ಹೇಳಿದ್ದು 1882ರ ಮಾರ್ಚ್ 24ರಂದು. ಇವೆರಡರ ನಡುವೆ ನೂರಮೂವತ್ತೆಂಟು ವರ್ಷಗಳ ಅಂತರವಿದೆ. ಜನನಾಂಗದ ಕ್ಷಯದ ಮಟ್ಟಿಗೆ, ರೋಗವಿದೆ ಎಂದು ತಿಳಿಯುವುದು ಮತ್ತು ಅದನ್ನು ಒಬ್ಬಾಕೆಯ ಮೈಯಲ್ಲಿ ಸಾಬೀತು ಮಾಡುವುದು ಇವತ್ತಿಗೂ ಎರಡು ಬೇರೆ ಕೆಲಸಗಳಾಗಿಯೇ ಉಳಿದಿವೆ.

ರೋಗಾಣು ಒಳಗೆ ಹೋಗುವುದು ಉಸಿರಿನ ಮೂಲಕವೇ. ಮನೆಯಲ್ಲಿ ಅಜ್ಜನಿಗೋ ಚಿಕ್ಕಪ್ಪನಿಗೋ ಶ್ವಾಸಕೋಶದ ಕ್ಷಯ ಇದ್ದಿರಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ನಮ್ಮ ಮೂರು ತಾಲೂಕುಗಳಿಂದ ತಲೆಮಾರುಗಳಿಂದ ಗಂಡಸರು ಮುಂಬೈ, ಬೆಂಗಳೂರಿನ ಹೋಟೆಲುಗಳಿಗೆ ದುಡಿಯಲು ಹೋಗಿದ್ದಾರೆ. ಗಾಳಿ ಬೆಳಕು ಕಾಣದ ಕೋಣೆಯಲ್ಲಿ ಹತ್ತಾರು ಜನ ಒಟ್ಟಿಗೆ ಮಲಗಿ, ಸರಿಯಾಗಿ ಉಣ್ಣದೆ ನಿದ್ದೆಗೆಟ್ಟು ದುಡಿಯುವಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ. ಹಾಗೆ ಹೋದವರು ಮಳೆಗಾಲಕ್ಕೋ ಊರ ಹಬ್ಬಕ್ಕೋ ಕೆಮ್ಮಿಕೊಂಡೇ ಮನೆಗೆ ಬಂದು ತಿಂಗಳುಗಟ್ಟಲೆ ನಿಲ್ಲುತ್ತಿದ್ದರು. ಮನೆಯ ಹನ್ನೆರಡು, ಹದಿಮೂರರ ಹುಡುಗಿಯ ಮೈಗೆ ರೋಗಾಣು ಹೊಗುವುದು ಇಂಥ ದಿನಗಳಲ್ಲಿ. ಅವಳಿಗೆ ಆಗ ಒಂದೆರಡು ವಾರ ಜ್ವರ ಬಂದಿರಬಹುದು, ಏನೂ ಆಗದೆಯೂ ಇರಬಹುದು. ಮೈಯ ರೋಗನಿರೋಧಕ ಶಕ್ತಿ ರೋಗಾಣುವನ್ನು ಸುತ್ತುವರಿದು ಕಟ್ಟಿಹಾಕುತ್ತದೆ, ಅಷ್ಟಕ್ಕೇ ಮುಗಿಯಿತು ಎನ್ನಿಸುತ್ತದೆ. ಆದರೆ ಅದಕ್ಕೆ ಮೊದಲೇ ಒಂದಿಷ್ಟು ರೋಗಾಣುಗಳು ರಕ್ತಕ್ಕೆ ಇಳಿದಿರುತ್ತವೆ. ಮೈನೆರೆಯುವ ವಯಸ್ಸಿನಲ್ಲಿ ಗರ್ಭನಾಳ, ಗರ್ಭಕೋಶಗಳಿಗೆ ರಕ್ತದ ಹರಿವು ಹೆಚ್ಚುವುದರಿಂದ ಅವು ಅಲ್ಲಿಗೆ ಹೋಗಿ ಸೇರುವ ಸಾಧ್ಯತೆಯೂ ಹೆಚ್ಚುತ್ತದೆ. ಅಂದರೆ ಇಪ್ಪತ್ತೆಂಟನೇ ವಯಸ್ಸಿನಲ್ಲಿ ಬಸಿರು ನಿಲ್ಲದಿರುವುದಕ್ಕೆ ಕಾರಣವಾದದ್ದು ಅವಳು ಹೈಸ್ಕೂಲಿಗೆ ಹೋಗುತ್ತಿದ್ದಾಗಲೇ ಒಳಗೆ ಬಂದು ಕೂತದ್ದಾಗಿರಬಹುದು.

ಕ್ಷಯದ ರೋಗಾಣುವಿಗೆ ಅವಸರವೆಂಬುದಿಲ್ಲ. ಹೊಟ್ಟೆ ಕೆಡಿಸುವ ಸಾಮಾನ್ಯ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ. ಕ್ಷಯದ್ದು ಎರಡಾಗಲು ಹತ್ತಿರಹತ್ತಿರ ಒಂದು ದಿನವೇ ಬೇಕು. ಮೈಮೇಲೆ ಮೇಣದಂಥ ದಪ್ಪ ಹೊದಿಕೆ ಇರುವುದರಿಂದ ರಕ್ತದ ಬಿಳಿಕಣಗಳು ಅದನ್ನು ನುಂಗಿದರೂ ಕರಗಿಸಲಾರವು. ಹಾಗಾಗಿ ದೇಹ ಇನ್ನೊಂದು ಉಪಾಯ ಮಾಡುತ್ತದೆ. ರೋಗಾಣುವಿನ ಸುತ್ತ ಜೀವಕೋಶಗಳನ್ನು ಒತ್ತಾಗಿ ನಿಲ್ಲಿಸಿ ಸಣ್ಣ ಗಂಟು ಕಟ್ಟುತ್ತದೆ. ಗಂಟಿನ ನಡುಭಾಗ ಕೊಳೆತು ಗಿಣ್ಣಿನ ಹಾಗೆ ಮೆದುವಾಗುತ್ತದೆ, ಅಂಚು ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಶ್ವಾಸಕೋಶ ದೊಡ್ಡದು, ಅಲ್ಲಿ ಒಂದೆರಡು ಕಲೆಗಳಾದರೂ ಉಸಿರಾಟ ನಡೆಯುತ್ತದೆ. ಗರ್ಭನಾಳದಲ್ಲಿ ಅಷ್ಟು ಜಾಗವಿಲ್ಲ. ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ ಆ ನಾಳದ ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ನವಿರಾದ ರೋಮಗಳಿವೆ. ಅಂಡಾಣುವನ್ನು ಹಿಡಿದು ಒಳಗೆ ತರುವುದು, ವೀರ್ಯಾಣುವಿನ ಜೊತೆ ಕೂಡಿದ ಮೇಲೆ ಮೊಳೆತ ಭ್ರೂಣವನ್ನು ನಾಲ್ಕೈದು ದಿನಗಳಲ್ಲಿ ಗರ್ಭಕೋಶಕ್ಕೆ ಮುಟ್ಟಿಸುವುದು ಆ ರೋಮಗಳ ಅಲುಗಾಟದಿಂದಲೇ. ಕ್ಷಯ ಮೊದಲು ಈ ರೋಮಗಳನ್ನು ಸುಡುತ್ತದೆ, ಆಮೇಲೆ ಅಲ್ಲಲ್ಲಿ ನಾಳವನ್ನು ಅಂಟಿಸಿ ಕಿರಿದು ಮಾಡುತ್ತದೆ, ಕೊನೆಗೆ ಪೂರ್ತಿ ಮುಚ್ಚುತ್ತದೆ. ಜನನಾಂಗದ ಕ್ಷಯವಿರುವವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಗರ್ಭನಾಳ ಕೆಟ್ಟಿರುತ್ತದೆ, ಅದೂ ಸಾಮಾನ್ಯವಾಗಿ ಎರಡೂ ಬದಿಯದು. ಗರ್ಭಕೋಶದ ಒಳಪೊರೆಗೆ ರೋಗ ತಗಲುವುದು 50ರಿಂದ 80 ಮಂದಿಯಲ್ಲಿ, ಅಂಡಾಶಯಕ್ಕೆ 20ರಿಂದ 30 ಮಂದಿಯಲ್ಲಿ. ನಾಳ ಕೆಟ್ಟರೆ ದಾರಿ ಮುಚ್ಚಿತು. ಒಳಪೊರೆ ಕೆಟ್ಟರೆ ಭ್ರೂಣ ಬಂದರೂ ಬೇರೂರಲು ನೆಲವಿಲ್ಲ. ಈ ಎರಡರ ವ್ಯತ್ಯಾಸ ಚಿಕಿತ್ಸೆಯ ಮಾತಿಗೆ ಬಂದಾಗ ಬಹಳ ಮುಖ್ಯವಾಗುತ್ತದೆ.

ಲಕ್ಷಣಗಳನ್ನು ನಂಬಿ ಕೂತರೆ ರೋಗ ಕೈಗೆ ಸಿಗುವುದಿಲ್ಲ. ಕೆಲವರಿಗೆ ಮುಟ್ಟಿನ ಸ್ರಾವ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದು ಒಂದೇ ದಿನಕ್ಕೆ ನಿಲ್ಲುತ್ತದೆ, ಕೆಲವರಿಗೆ ಮುಟ್ಟೇ ನಿಂತುಹೋಗುತ್ತದೆ. ಕಿಬ್ಬೊಟ್ಟೆಯಲ್ಲಿ ಸದಾ ಒಂದು ಮಂದ ನೋವು, ಸಂಜೆಯ ಹೊತ್ತು ಸಣ್ಣ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಳಿಸೆರಗು ಇವೂ ಇರಬಹುದು. ಮುಟ್ಟು ಕಡಿಮೆಯಾದದ್ದನ್ನು ನಮ್ಮ ಹೆಂಗಸರು ವೈದ್ಯರ ಹತ್ತಿರ ತಾವಾಗಿ ಹೇಳುವುದು ಅಪರೂಪ. ಹೆಚ್ಚು ಹೋದರೆ ಹೆದರುತ್ತಾರೆ, ಕಡಿಮೆ ಹೋದರೆ ತ್ರಾಸ ತಪ್ಪಿತು ಎಂದುಕೊಳ್ಳುತ್ತಾರೆ. ಇದಾವುದೂ ಇಲ್ಲದೆ, ಗಟ್ಟಿಮುಟ್ಟಾಗಿದ್ದು, ಗದ್ದೆ ಕೆಲಸವನ್ನೋ ಗೇರುಬೀಜದ ಕಾರ್ಖಾನೆಯ ಪಾಳಿಯನ್ನೋ ಸರಿಯಾಗಿಯೇ ಮಾಡಿಕೊಂಡು, ಮಕ್ಕಳಾಗಲಿಲ್ಲ ಎಂಬ ಒಂದೇ ದೂರಿನೊಂದಿಗೆ ಬರುವವರೂ ಬಹಳ. ಎದೆಯ ಎಕ್ಸರೇ ತೆಗೆದರೆ ಹೆಚ್ಚಿನವರಲ್ಲಿ ಏನೂ ಕಾಣುವುದಿಲ್ಲ, ಏಕೆಂದರೆ ಶ್ವಾಸಕೋಶದ ಹಳೆಯ ಸೋಂಕು ಎಂದೋ ವಾಸಿಯಾಗಿರುತ್ತದೆ. ಎಕ್ಸರೇ ಸರಿ ಇದೆ, ಹಾಗಾಗಿ ಟಿ.ಬಿ. ಇಲ್ಲ ಎಂಬ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ.

ಇದು ಎಷ್ಟು ಜನರಲ್ಲಿದೆ? ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಬಂದ ಹೆಂಗಸರಲ್ಲಿ ನೂರಕ್ಕೆ 3ರಿಂದ 16 ಮಂದಿಗೆ ಜನನಾಂಗದ ಕ್ಷಯ ಕಂಡುಬಂದಿದೆ ಎಂದು ಭಾರತದ ಬೇರೆಬೇರೆ ವರದಿಗಳು ಹೇಳುತ್ತವೆ. ಶ್ರೀಮಂತ ದೇಶಗಳಲ್ಲಿ ಇದು ನೂರಕ್ಕೆ ಒಂದಕ್ಕಿಂತ ಕಡಿಮೆ. ನಾಳ ಮುಚ್ಚಿದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ, ಪ್ರನಾಳ ಶಿಶುವಿಗಾಗಿ ದೊಡ್ಡ ಆಸ್ಪತ್ರೆಗಳಿಗೆ ಬಂದವರನ್ನು ತೆಗೆದುಕೊಂಡರೆ, ಪ್ರಮಾಣ ಇದಕ್ಕಿಂತ ಬಹಳ ಏರುತ್ತದೆ. ಅಂಕಿಗಳ ನಡುವೆ ಇಷ್ಟು ಅಂತರವಿರುವುದಕ್ಕೆ ಒಂದು ಕಾರಣ ಯಾರನ್ನು ಪರೀಕ್ಷಿಸಿದರು ಎಂಬುದು, ಇನ್ನೊಂದು ಯಾವ ಪರೀಕ್ಷೆಯನ್ನು ನಂಬಿದರು ಎಂಬುದು. ಜಗತ್ತಿನ ಕ್ಷಯ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರು ಭಾರತದವರಾಗಿರುವಾಗ, ಬಸಿರು ನಿಲ್ಲದ ಹೆಣ್ಣುಮಗಳಲ್ಲಿ ಈ ಕಾರಣವನ್ನು ಕೊನೆಗೆ ನೋಡೋಣ ಎಂದು ಬದಿಗಿಡುವುದು ನನಗೆ ಒಪ್ಪಿಗೆಯಿಲ್ಲ.

ಇಲ್ಲಿ ತುಮಕೂರು ಜಿಲ್ಲೆಯ ಒಂದು ಹಳೆಯ ಅಧ್ಯಯನವನ್ನು ನೆನೆಯಬೇಕು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ಕ್ಷಯ ಇರುವವರನ್ನು ಹುಡುಕಿ ಮಾತಾಡಿಸಿದರು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ, ಅವರನ್ನು ಮನೆಮನೆಗೆ ಹೋಗಿ ಹಿಡಿಯಬೇಕು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. 1963ರಲ್ಲಿ ಪ್ರಕಟವಾದ ಅವರ ವರದಿ ಅದನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂದು ಗೊತ್ತಿತ್ತು. ಅರ್ಧದಷ್ಟು ಮಂದಿ ಆಗಲೇ ಯಾವುದಾದರೊಂದು ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡದ್ದು ಈ ತಿಳಿವಳಿಕೆಯ ಮೇಲೆ: ಆಸ್ಪತ್ರೆಗೆ ಬಂದವರಲ್ಲೇ ಹುಡುಕಿ, ಇರುವ ಆಸ್ಪತ್ರೆಗಳಲ್ಲೇ ಮದ್ದು ಕೊಡಿ.

ಅರವತ್ತು ವರ್ಷಗಳ ಮೇಲೆ ಜನನಾಂಗದ ಕ್ಷಯದಲ್ಲಿ ಅದೇ ಕಥೆ ನಡೆಯುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಹೆಣ್ಣುಮಗಳು ಅಡಗಿ ಕೂತಿಲ್ಲ. ಕುಂದಾಪುರದ ತಾಲೂಕು ಆಸ್ಪತ್ರೆಗೋ, ಬೈಂದೂರು ಅಥವಾ ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರಕ್ಕೋ, ಪೇಟೆಯ ಖಾಸಗಿ ಕ್ಲಿನಿಕ್ಕಿಗೋ ಅವಳು ಬಂದೇ ಬಂದಿದ್ದಾಳೆ, ಹತ್ತು ಸಲ ಬಂದಿದ್ದಾಳೆ. ಅವಳ ಕೈಯಲ್ಲೊಂದು ಕಡತವಿದೆ. ಅದರಲ್ಲಿ ಥೈರಾಯ್ಡಿನ ರಿಪೋರ್ಟಿದೆ, ನಾಲ್ಕೈದು ಸ್ಕ್ಯಾನಿಂಗ್ ಇದೆ, ಅಂಡಾಣು ಬೆಳೆಯಲು ತಿಂಗಳುಗಟ್ಟಲೆ ಕೊಟ್ಟ ಮಾತ್ರೆಗಳ ಚೀಟಿಗಳಿವೆ. ನಾಳ ತೆರೆದಿದೆಯೇ ಎಂದು ನೋಡುವ ಮೊದಲೇ ವರ್ಷ ಎರಡು ವರ್ಷ ಅಂಡಾಣುವಿನ ಮಾತ್ರೆ ನುಂಗಿದವರಿದ್ದಾರೆ. ಗಂಡನ ವೀರ್ಯಪರೀಕ್ಷೆಯ ಚೀಟಿ ಮಾತ್ರ ಅನೇಕ ಕಡತಗಳಲ್ಲಿ ಇರುವುದೇ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣದ ಪಾಲು ಸಣ್ಣದಲ್ಲ, ಆ ಪರೀಕ್ಷೆಯೋ ಎಲ್ಲಕ್ಕಿಂತ ಸುಲಭದ್ದು. ಕ್ಷಯ ಗಂಡಸರ ವೀರ್ಯನಾಳಗಳನ್ನೂ ಮುಚ್ಚಬಲ್ಲದು.

ಪತ್ತೆ ಮಾಡುವುದು ಕಷ್ಟ ಎಂಬುದನ್ನು ವೈದ್ಯರ ಪರವಾಗಿ ಹೇಳಲೇಬೇಕು. ಶ್ವಾಸಕೋಶದ ಕ್ಷಯದಲ್ಲಿ ರೋಗಿ ಕೆಮ್ಮಿ ಕೊಟ್ಟ ಕಫದಲ್ಲಿ ರೋಗಾಣುಗಳು ರಾಶಿ ಇರುತ್ತವೆ. ಗರ್ಭಕೋಶದಲ್ಲಿ ಅವು ಬೆರಳೆಣಿಕೆಯಷ್ಟು. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರಿನಲ್ಲಿ ಐದರಿಂದ ಹತ್ತು ಸಾವಿರ ರೋಗಾಣುಗಳಾದರೂ ಇರಬೇಕು. ಸಿಬಿನಾಟ್ ಎಂಬ ಪರೀಕ್ಷಾ ಯಂತ್ರಕ್ಕೆ ನೂರಮೂವತ್ತರಷ್ಟಿದ್ದರೆ ಸಾಕು, ಎರಡು ತಾಸಿನಲ್ಲಿ ಉತ್ತರ ಹೇಳುತ್ತದೆ, ಮುಖ್ಯ ಮದ್ದಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂದೂ ತಿಳಿಸುತ್ತದೆ. ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಹತ್ತರಿಂದ ನೂರು ಸಾಕಾಗುತ್ತದೆ, ಆದರೆ ಅದು ವಾರಗಟ್ಟಲೆ ಕಾಯಿಸುತ್ತದೆ. ಹಾಗಾಗಿ ಇಲ್ಲಿ ಒಂದೇ ಪರೀಕ್ಷೆಯಿಂದ ಕೆಲಸವಾಗುವುದಿಲ್ಲ. ಗರ್ಭಕೋಶದ ಒಳಪೊರೆಯ ಚೂರನ್ನು ತೆಗೆದು ಒಂದು ಪಾಲನ್ನು ಕಲ್ಚರಿಗೂ ಸಿಬಿನಾಟಿಗೂ, ಇನ್ನೊಂದನ್ನು ಬಯಾಪ್ಸಿಗೂ ಕಳಿಸಬೇಕು. ಈ ಎರಡು ಪಾಲನ್ನು ಹಾಕುವ ಡಬ್ಬಿಗಳೂ ಬೇರೆಯೇ ಆಗಬೇಕು. ಬಯಾಪ್ಸಿಯ ಚೂರು ಫಾರ್ಮಲಿನ್‌ನಲ್ಲಿ ಹೋಗುತ್ತದೆ. ಕಲ್ಚರಿಗೆ ಹೋಗುವುದು ಉಪ್ಪುನೀರಿನಲ್ಲಿ ಹೋಗಬೇಕು, ಫಾರ್ಮಲಿನ್ ಬಿದ್ದರೆ ರೋಗಾಣು ಸತ್ತು ಪರೀಕ್ಷೆಯೇ ವ್ಯರ್ಥ. ಇಷ್ಟು ಸಣ್ಣ ವಿಷಯದಿಂದ ಒಬ್ಬಾಕೆಯ ರೋಗ ಪತ್ತೆಯಾಗದೆ ಉಳಿಯಬಹುದು.

ಚೂರು ತೆಗೆಯುವ ದಿನವೂ ಮುಖ್ಯ. ಗರ್ಭಕೋಶದ ಒಳಪೊರೆ ತಿಂಗಳು ತಿಂಗಳು ಕಳಚಿ ಹೋಗುತ್ತದೆ, ಅದರ ಜೊತೆ ಆಗತಾನೇ ಕಟ್ಟುತ್ತಿದ್ದ ಕ್ಷಯದ ಗಂಟುಗಳೂ ಹೊರಟುಹೋಗುತ್ತವೆ. ನಾಳದಿಂದ ಮತ್ತೆ ರೋಗಾಣು ಇಳಿದು ಹೊಸ ಪೊರೆಯಲ್ಲಿ ಗಂಟು ಕಟ್ಟಲು ಸಮಯ ಬೇಕು. ಹಾಗಾಗಿ ಮುಂದಿನ ಮುಟ್ಟಿಗೆ ಕೆಲವೇ ದಿನ ಇರುವಾಗ ತೆಗೆದರೆ ಸಿಗುವ ಸಾಧ್ಯತೆ ಹೆಚ್ಚು. ಅದಕ್ಕೆ ಶಂಕರನಾರಾಯಣದ ಆಚೆಯಿಂದಲೋ ಕೊಲ್ಲೂರಿನ ಕಾಡಂಚಿನಿಂದಲೋ ಬರುವ ಹೆಂಗಸು, ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಸರಿಯಾಗಿ ಅದೇ ದಿನಗಳಲ್ಲಿ ಉಡುಪಿಗೋ ಮಣಿಪಾಲಕ್ಕೋ ಮುಟ್ಟಬೇಕು. ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರ್. ದಿನಾಂಕವನ್ನು ಅವಳ ಮುಟ್ಟಿನ ಲೆಕ್ಕ ನೋಡಿ ಬರೆದುಕೊಟ್ಟು, ಯಾಕೆ ಆ ದಿನವೇ ಬರಬೇಕೆಂದು ಎರಡು ಮಾತು ಹೇಳಿದರೆ ಅವಳು ಬರುತ್ತಾಳೆ. ಸುಮ್ಮನೆ ಮುಂದಿನ ತಿಂಗಳು ಬಾ ಎಂದರೆ ಕೂಲಿ ತಪ್ಪದ ದಿನ ನೋಡಿ ಬರುತ್ತಾಳೆ.

ನಾಳಕ್ಕೆ ಬಣ್ಣದ ದ್ರವ ಹಾಕಿ ತೆಗೆಯುವ ಎಕ್ಸರೇಯಲ್ಲಿ ಕ್ಷಯ ಬಡಿದ ನಾಳ ಮಣಿ ಪೋಣಿಸಿದ ಸರದ ಹಾಗೆಯೋ, ಬಾಗದ ಕೊಳವೆಯ ಹಾಗೆಯೋ ಕಾಣುತ್ತದೆ. ಅನುಮಾನ ಹುಟ್ಟಿಸಲು ಇದು ಒಳ್ಳೆಯದು. ಆದರೆ ರೋಗ ಒಳಗೆ ಕುದಿಯುತ್ತಿದೆ ಎಂಬ ಗುಮಾನಿ ಮೊದಲೇ ಇದ್ದರೆ ಈ ಎಕ್ಸರೇ ಮಾಡಬಾರದು, ಒತ್ತಿ ಹಾಕಿದ ದ್ರವದ ಜೊತೆ ಸೋಂಕು ಇನ್ನಷ್ಟು ಹರಡಬಹುದು. ಆಗ ಉಳಿಯುವುದು ಲ್ಯಾಪ್ರೋಸ್ಕೋಪಿ. ಹೊಕ್ಕುಳ ಬಳಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿದರೆ ನಾಳದ ಮೇಲಿನ ಬಿಳಿ ಕಾಳುಗಳು, ಗಿಣ್ಣಿನಂಥ ಗಂಟುಗಳು, ಕರುಳಿಗೂ ಯಕೃತ್ತಿಗೂ ಅಂಟಿದ ಎಳೆಗಳು ಕಣ್ಣಿಗೇ ಕಾಣುತ್ತವೆ, ಅಲ್ಲಿಂದಲೇ ಚೂರು ತೆಗೆಯಬಹುದು. ಕೆಲವೊಮ್ಮೆ ಹೊಟ್ಟೆಯಲ್ಲಿ ನೀರು ತುಂಬಿ, ಗಡ್ಡೆ ಕಂಡು, ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿಯೂ ಏರಿ, ಅಂಡಾಶಯದ ಕ್ಯಾನ್ಸರ್ ಎಂದೇ ಮನೆಯವರೆಲ್ಲ ಕುಸಿದು ಕೂತಿರುವಾಗ ಬಯಾಪ್ಸಿಯಲ್ಲಿ ಕ್ಷಯ ಎಂದು ಬರುವುದುಂಟು. ಕ್ಷಯವೆಂಬ ಸುದ್ದಿ ಸಮಾಧಾನ ಕೊಡುವ ಅಪರೂಪದ ಹೊತ್ತು ಅದು.

ಇನ್ನು, ಇಲ್ಲದ ಕ್ಷಯಕ್ಕೆ ಮದ್ದು ಕೊಡುವ ಅಪಾಯ. ಇದೂ ಅಷ್ಟೇ ನಿಜ. ರೋಗಾಣುವಿನ ವಂಶವಾಹಿಯ ತುಣುಕನ್ನು ಹುಡುಕುವ ಪಿಸಿಆರ್ ಎಂಬ ಪರೀಕ್ಷೆ ಬಹಳ ಸೂಕ್ಷ್ಮವಾದದ್ದು. ಸತ್ತ ರೋಗಾಣುವಿನ ಚೂರು ಸಿಕ್ಕರೂ, ಪ್ರಯೋಗಾಲಯದಲ್ಲಿ ಸ್ವಲ್ಪ ಕಲಬೆರಕೆಯಾದರೂ ಅದು ರೋಗವಿದೆ ಎನ್ನಬಹುದು. ಆ ಒಂದು ಚೀಟಿಯನ್ನೇ ನಂಬಿ ಎಷ್ಟೋ ಹೆಂಗಸರಿಗೆ ಆರೇಳು ತಿಂಗಳ ಮಾತ್ರೆ ಶುರು ಮಾಡಿದ್ದುಂಟು. ಶ್ವಾಸಕೋಶದ ಹೊರಗಿನ ಕ್ಷಯಕ್ಕೆ ಭಾರತ 2016ರಲ್ಲಿ ತಂದ ಇಂಡೆಕ್ಸ್-ಟಿಬಿ ಮಾರ್ಗಸೂಚಿ ಈ ಬಗ್ಗೆ ಸ್ಪಷ್ಟವಾಗಿದೆ: ಪಿಸಿಆರ್ ಒಂದನ್ನೇ ಆಧಾರ ಮಾಡಿಕೊಂಡು ಜನನಾಂಗದ ಕ್ಷಯಕ್ಕೆ ಚಿಕಿತ್ಸೆ ಕೊಡಬಾರದು. ಲ್ಯಾಪ್ರೋಸ್ಕೋಪಿಯಲ್ಲಿ ರೋಗದ ಖಚಿತ ಗುರುತು, ಇಲ್ಲವೇ ಬಯಾಪ್ಸಿ, ಸೂಕ್ಷ್ಮದರ್ಶಕ, ಕಲ್ಚರುಗಳಲ್ಲಿ ಒಂದರ ಸಾಕ್ಷ್ಯ ಬೇಕು. ಕೈಯ ಚರ್ಮಕ್ಕೆ ಚುಚ್ಚಿ ನೋಡುವ ಮಾಂಟು ಪರೀಕ್ಷೆ ಮೈಯಲ್ಲಿ ಎಂದೋ ರೋಗಾಣು ಹೊಕ್ಕಿತ್ತು ಎಂಬುದನ್ನಷ್ಟೇ ಹೇಳುತ್ತದೆ, ನಮ್ಮ ದೇಶದಲ್ಲಿ ಅಂಥವರು ಕೋಟಿಗಟ್ಟಲೆ ಇದ್ದಾರೆ. ರಕ್ತದಲ್ಲಿ ಪ್ರತಿಕಾಯ ನೋಡಿ ಕ್ಷಯ ಹೇಳುವ ಕಿಟ್‌ಗಳನ್ನಂತೂ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಇಂದಿಗೂ ಬರೀ ರಕ್ತ ತೆಗೆದು ಗರ್ಭಕೋಶದ ಟಿ.ಬಿ. ಎಂದರೆ, ಮಾತ್ರೆ ಶುರು ಮಾಡುವ ಮೊದಲು ಇನ್ನೊಬ್ಬ ವೈದ್ಯರನ್ನು ಕಾಣುವುದೇ ಸರಿ.

ರೋಗ ಖಚಿತವಾದ ಮೇಲಿನ ದಾರಿ ನೇರವಾಗಿದೆ. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್ ಎಂಬ ನಾಲ್ಕು ಮದ್ದುಗಳು. ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲವೂ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ, ಎಷ್ಟು ಮಾತ್ರೆ ಎಂಬುದು ಮೈತೂಕದ ಮೇಲೆ. ಹಿಂದೆ ಒಂಬತ್ತು ತಿಂಗಳು, ವರ್ಷ ಎಂದು ಎಳೆಯುತ್ತಿದ್ದರು. ದಿಲ್ಲಿಯ ಏಮ್ಸ್‌ನಲ್ಲಿ ಜೆ.ಬಿ. ಶರ್ಮಾ ಮತ್ತು ಸಂಗಡಿಗರು ಎರಡು ಗುಂಪು ಮಾಡಿ ಹೋಲಿಸಿ ನೋಡಿ, ಜನನಾಂಗದ ಕ್ಷಯಕ್ಕೆ ಆರು ತಿಂಗಳು ಸಾಕು ಎಂದು 2016ರಲ್ಲಿ ತೋರಿಸಿದರು. ಮಾತ್ರೆ ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ವಾಂತಿ ಹೆಚ್ಚಾಗಿ ಕಣ್ಣು ಹಳದಿಯಾದರೆ ಯಕೃತ್ತಿಗೆ ತೊಂದರೆಯಾಗಿದೆ ಎಂದು ತಿಳಿದು ಅಂದೇ ವೈದ್ಯರಲ್ಲಿಗೆ ಹೋಗಬೇಕು. ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ಕಾಮಾಲೆಗೆ ನಾಟಿ ಮದ್ದು ಕೊಡುವವರ ಮನೆ ಹುಡುಕುತ್ತಾರೆ, ಈ ಮಾತ್ರೆ ತಿನ್ನುವವರು ಹಾಗೆ ಮಾಡಿ ದಿನ ಕಳೆಯಬಾರದು. ದೃಷ್ಟಿ ಮಂಜಾದರೂ, ಬಣ್ಣ ಗುರುತಿಸಲು ಕಷ್ಟವಾದರೂ ಹೇಳಬೇಕು. ಚಿಕಿತ್ಸೆ ಮುಗಿಯುವ ತನಕ ಬಸಿರು ಬೇಡ ಎಂದೇ ಸಾಮಾನ್ಯವಾಗಿ ಹೇಳುತ್ತಾರೆ. ರಿಫಾಂಪಿಸಿನ್ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುವುದರಿಂದ ಬೇರೆ ದಾರಿ ಬಳಸಬೇಕು. ನಡುವೆ ಗರ್ಭ ನಿಂತೇಬಿಟ್ಟರೆ ಹೆದರಿ ಮಾತ್ರೆ ಬಿಡಬಾರದು, ಈ ನಾಲ್ಕು ಮದ್ದುಗಳನ್ನು ಬಸುರಿಯರಿಗೂ ಕೊಡುತ್ತಾರೆ.

ಖಾಸಗಿ ವೈದ್ಯರಲ್ಲಿ ರೋಗ ಪತ್ತೆಯಾದರೂ ಮದ್ದು ಸರ್ಕಾರದ್ದೇ ಸಿಗುತ್ತದೆ. ಕ್ಷಯ ಪತ್ತೆಯಾದರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮ 2012ರಿಂದ ಇದೆ. ಹೆಸರು ನಿಕ್ಷಯ್ ದಾಖಲೆಗೆ ಸೇರಿದರೆ ಪೌಷ್ಟಿಕ ಆಹಾರಕ್ಕೆಂದು ಹಣವೂ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಆದರೆ ಆಗಿಹೋದ ಕಲೆಯನ್ನು ಅಳಿಸುವುದಿಲ್ಲ. ಸುಟ್ಟ ರೋಮಗಳು ಮತ್ತೆ ಚಿಗುರುವುದಿಲ್ಲ, ಅಂಟಿಕೊಂಡ ನಾಳ ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಜನನಾಂಗದ ಕ್ಷಯವಿದ್ದು ಮಕ್ಕಳಾಗದೆ ಬಂದ 97 ಹೆಂಗಸರನ್ನು ಒಡಿಶಾದ ತ್ರಿಪಾಠಿ ವೈದ್ಯರು ಚಿಕಿತ್ಸೆ ಕೊಟ್ಟು ಗಮನಿಸಿ 2002ರಲ್ಲಿ ವರದಿ ಮಾಡಿದರು. ಗರ್ಭ ನಿಂತದ್ದು ನೂರಕ್ಕೆ 19ರಷ್ಟು ಮಂದಿಗೆ, ಜೀವಂತ ಮಗು ಕೈಗೆ ಬಂದದ್ದು ನೂರಕ್ಕೆ 7ರಷ್ಟು ಮಂದಿಗೆ. ರೋಗವನ್ನು ಬಹಳ ಮೊದಲೇ ಹಿಡಿದ ಬೇರೆ ವರದಿಗಳಲ್ಲಿ ಫಲ ಇದಕ್ಕಿಂತ ಚೆನ್ನಾಗಿದೆ. ಇಡೀ ವಿಷಯದ ತಿರುಳು ಈ ವ್ಯತ್ಯಾಸದಲ್ಲಿದೆ. ನಾಳ ಇನ್ನೂ ತೆರೆದಿರುವಾಗ, ಒಳಪೊರೆ ಹದವಾಗಿರುವಾಗ ಕೊಟ್ಟ ಆರು ತಿಂಗಳ ಮಾತ್ರೆಯೂ, ಎಲ್ಲ ಮುಚ್ಚಿದ ಮೇಲೆ ಕೊಟ್ಟ ಅದೇ ಮಾತ್ರೆಯೂ ರೋಗದ ಮಟ್ಟಿಗೆ ಒಂದೇ ಕೆಲಸ ಮಾಡುತ್ತವೆ. ಮಗುವಿನ ಮಟ್ಟಿಗೆ ಅವೆರಡಕ್ಕೂ ಅಜಗಜಾಂತರ. ಹಾಗಾಗಿ ಜೋಯಿಸರ ಪ್ರಶ್ನೆಗೆ ಹೋದ ವರ್ಷವಾಗಲಿ, ನಾಳ ನೋಡದೆ ಕೊಟ್ಟ ಅಂಡಾಣುವಿನ ಮಾತ್ರೆಗೆ ಹೋದ ವರ್ಷವಾಗಲಿ, ಈ ಹೆಂಗಸಿನ ಲೆಕ್ಕದಲ್ಲಿ ಎರಡೂ ನಷ್ಟವೇ.

ನಾಳ ಮುಚ್ಚಿದ್ದು ಒಳಪೊರೆ ಚೆನ್ನಾಗಿದ್ದರೆ ಪ್ರನಾಳ ಶಿಶುವಿನ ದಾರಿ ತೆರೆದೇ ಇದೆ. ಅಂಡಾಣುವನ್ನು ಹೊರಗೆ ತೆಗೆದು ಅಲ್ಲೇ ಕೂಡಿಸಿ ಭ್ರೂಣವನ್ನು ನೇರ ಗರ್ಭಕೋಶಕ್ಕೆ ಇಡುವಾಗ ನಾಳದ ಅಗತ್ಯವೇ ಬರುವುದಿಲ್ಲ. ಕ್ಷಯ ಕೆಡಿಸಿದ ನಾಳವನ್ನು ಕೊಯ್ದು ಸರಿಪಡಿಸಲು ಹೋಗುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಆದರೆ ಕ್ಷಯಕ್ಕೆ ಚಿಕಿತ್ಸೆ ಪೂರ್ತಿ ಮುಗಿಸದೆ ಪ್ರನಾಳ ಶಿಶುವಿಗೆ ಕೈಹಾಕಬಾರದು. ಒಳಗೆ ರೋಗ ಉಳಿದಿದ್ದರೆ ಭ್ರೂಣ ನಿಲ್ಲುವುದು ಕಷ್ಟ, ನಿಂತರೂ ಬಸಿರಿನಲ್ಲಿ ರೋಗ ಕೆರಳಬಹುದು, ಅಪರೂಪಕ್ಕೆ ಮಗುವಿಗೂ ಹುಟ್ಟುತ್ತಲೇ ಕ್ಷಯ ಬಂದದ್ದಿದೆ. ಚಿಕಿತ್ಸೆಯ ನಂತರ ತಾನಾಗಿ ಗರ್ಭ ನಿಂತವರು ಮುಟ್ಟು ತಪ್ಪಿದ ಕೂಡಲೇ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕು. ಅರ್ಧ ಕೆಟ್ಟ ನಾಳದಲ್ಲಿ ಭ್ರೂಣ ಸಿಕ್ಕಿಬಿದ್ದು ಅಲ್ಲೇ ಬೆಳೆಯುವ ಅಪಾಯ ಇವರಿಗೆ ಹೆಚ್ಚು, ನಾಳ ಒಡೆದರೆ ಜೀವಕ್ಕೇ ಸಂಚಕಾರ. ಇನ್ನು ಒಳಪೊರೆಯೇ ಕಲೆಗಟ್ಟಿ ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಪ್ರನಾಳ ಶಿಶುವಿಗೂ ಆಧಾರವಿಲ್ಲ. ಅಂಥವರಿಗೆ ಅದನ್ನು ಮೊದಲೇ ನೇರವಾಗಿ ಹೇಳಬೇಕು. ಹೇಳದೆ ಒಂದರ ಮೇಲೊಂದು ಸಲ ಲಕ್ಷಗಟ್ಟಲೆ ಖರ್ಚು ಮಾಡಿಸುವುದು, ಅದಕ್ಕಾಗಿ ಅವರು ಚಿನ್ನ ಅಡವಿಡುವುದು, ಗದ್ದೆ ಮಾರುವುದು ನಡೆಯಬಾರದು. ಮಗುವನ್ನು ದತ್ತು ತೆಗೆದುಕೊಳ್ಳುವುದು, 2021ರ ಕಾಯ್ದೆಯ ಮಿತಿಯೊಳಗೆ ಬಾಡಿಗೆ ತಾಯ್ತನ, ಇವು ಮಾತಿಗೆ ಬರಬೇಕಾದದ್ದು ಆಗ.

ಮನೆಯವರ ಮಾತಿಗೆ ಬರೋಣ. ಕ್ಷಯವನ್ನು ಬಡವರ ರೋಗ, ಮನೆತನಕ್ಕೆ ಅಂಟಿದ ಕಳಂಕ ಎಂದು ಕಾಣುವುದು ಹಳೆಯ ಚಾಳಿ. ಮೈಸೂರು ಅರಸರ ಮನೆಯ ಮಗಳು ಕೃಷ್ಣಾಜಮ್ಮಣ್ಣಿಯವರು ಇದೇ ರೋಗದಿಂದ ತೀರಿಕೊಂಡರು. 1921ರಲ್ಲಿ ತೆರೆದ ಮೈಸೂರಿನ ಕ್ಷಯರೋಗ ಆಸ್ಪತ್ರೆ ಇಂದಿಗೂ ಅವರ ಹೆಸರಿನಲ್ಲಿದೆ. ರೋಗಿಯನ್ನು ಊರ ಹೊರಗೆ ಇಡಬೇಕೆಂಬ ಕಾಲ ಮುಗಿದೂ ಬಹಳವಾಯಿತು. ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಪ್ರಯೋಗವೊಂದು, ಮನೆಯಲ್ಲೇ ಇದ್ದು ಮದ್ದು ತೆಗೆದುಕೊಂಡವರೂ ಆಸ್ಪತ್ರೆಯಲ್ಲಿ ಮಲಗಿ ತೆಗೆದುಕೊಂಡವರಷ್ಟೇ ವಾಸಿಯಾಗುತ್ತಾರೆ, ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವಿಲ್ಲ ಎಂದು ತೋರಿಸಿತು. ಅದು ಕೆಮ್ಮುವ ಕ್ಷಯದ ಮಾತು. ಗರ್ಭನಾಳದ ಕ್ಷಯವಂತೂ ಒಟ್ಟಿಗೆ ಉಂಡರೆ, ಒಂದೇ ಕೋಣೆಯಲ್ಲಿ ಮಲಗಿದರೆ ಅಂಟುವಂಥದ್ದಲ್ಲ. ಹೀಗಿದ್ದೂ ರೋಗದ ಹೆಸರು ಕೇಳಿದ ಕೂಡಲೇ ಸೊಸೆಯನ್ನು ತವರಿಗೆ ಕಳಿಸುವ, ಮದುವೆಗೆ ಮೊದಲೇ ಇತ್ತು, ಮುಚ್ಚಿಟ್ಟರು ಎಂದು ಬೀಗರ ಮೇಲೆ ಹರಿಹಾಯುವ ಮನೆಗಳಿವೆ. ಅವಳು ಏನನ್ನೂ ಮುಚ್ಚಿಟ್ಟಿರುವುದಿಲ್ಲ, ತನ್ನೊಳಗೆ ರೋಗವಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಮಾತ್ರೆಯ ಪೊಟ್ಟಣವನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟು ಅತ್ತೆ ಕಾಣದ ಹಾಗೆ ನುಂಗುವ ಹೆಣ್ಣುಮಗಳು ಒಂದೆರಡು ದಿನ ತಪ್ಪಿಸಿಯೇ ತಪ್ಪಿಸುತ್ತಾಳೆ, ತಪ್ಪಿಸಿದರೆ ರೋಗಾಣು ಮದ್ದಿಗೆ ಬಗ್ಗದಂತಾಗಬಹುದು. ಗಂಡ ಒಬ್ಬ ಜೊತೆಗೆ ನಿಂತು ದಿನಾ ಅವಳ ಕೈಗೆ ಮಾತ್ರೆ ಕೊಟ್ಟರೆ ಆ ಆರು ತಿಂಗಳು ಬೇರೆಯೇ ಆಗುತ್ತದೆ.

ಬಸಿರಿಗಾಗಿ ಪ್ರಯತ್ನಿಸಿ ಒಂದು ವರ್ಷವಾದರೂ ನಿಲ್ಲದವರು, ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ, ಗಂಡನನ್ನೂ ಕರೆದುಕೊಂಡು ಸ್ತ್ರೀರೋಗ ತಜ್ಞರನ್ನು ಕಾಣಬೇಕು. ವೈದ್ಯರು ಕೇಳದಿದ್ದರೂ ನಾವೇ ಹೇಳಬೇಕಾದ ಮೂರು ವಿಷಯಗಳಿವೆ: ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತೇ, ತನಗೆ ಚಿಕ್ಕಂದಿನಲ್ಲಿ ಕುತ್ತಿಗೆಯ ಗಂಟು, ಎದೆಯಲ್ಲಿ ನೀರು ಇಂಥದ್ದೇನಾದರೂ ಆಗಿತ್ತೇ, ಮುಟ್ಟು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆಯೇ. ಇವು ಊರಿನ ಆಶಾ ಕಾರ್ಯಕರ್ತೆಯೂ ಕೇಳಬಹುದಾದ ಪ್ರಶ್ನೆಗಳು. ಯಾರ ಮನೆಯಲ್ಲಿ ಯಾರು ಟಿ.ಬಿ. ಮಾತ್ರೆ ತಿಂದರು, ಯಾರ ಸೊಸೆಗೆ ಇನ್ನೂ ಮಕ್ಕಳಾಗಿಲ್ಲ ಎಂಬ ಎರಡೂ ಅವಳಿಗೆ ಗೊತ್ತಿರುತ್ತವೆ. ಈಗ ಅವು ಎರಡು ಬೇರೆ ಪುಸ್ತಕಗಳಲ್ಲಿ ಉಳಿದಿವೆ.

ಇದಕ್ಕಿಂತ ಮೊದಲೇ ಹಿಡಿಯಬಹುದಾದ ಜಾಗ ಇನ್ನೊಂದಿದೆ. ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯ ಪತ್ತೆಯಾದರೆ, ಅವರ ಜೊತೆ ವಾಸಿಸುವ ಎಲ್ಲರನ್ನೂ ಪರೀಕ್ಷಿಸಿ, ರೋಗ ಇಲ್ಲದವರಿಗೆ ರೋಗ ತಡೆಯುವ ಮಾತ್ರೆ ಕೊಡುವ ವ್ಯವಸ್ಥೆ ಈಗ ರಾಷ್ಟ್ರೀಯ ಕಾರ್ಯಕ್ರಮದಲ್ಲಿದೆ. ಹಿಂದೆ ಅದು ಪುಟ್ಟ ಮಕ್ಕಳಿಗಷ್ಟೇ ಇತ್ತು, 2021ರ ಮಾರ್ಗಸೂಚಿ ಅದನ್ನು ಮನೆಯ ಎಲ್ಲ ವಯಸ್ಸಿನವರಿಗೂ ವಿಸ್ತರಿಸಿತು. ಆರು ತಿಂಗಳು ದಿನಕ್ಕೊಂದು ಮಾತ್ರೆ, ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ. ಯಾವ ಕಾಯಿಲೆಯೂ ಕಾಣದ ಹದಿಮೂರರ ಹುಡುಗಿಗೆ ಯಾಕೆ ಮಾತ್ರೆ ಎಂದು ಅನೇಕ ಮನೆಗಳಲ್ಲಿ ಇದನ್ನು ಬೇಡ ಎನ್ನುತ್ತಾರೆ. ಗಂಗೊಳ್ಳಿಯಲ್ಲೋ ಸಾಯ್ಬ್ರಕಟ್ಟೆಯಲ್ಲೋ ಅಂಥ ಮನೆಗೆ ಆರೋಗ್ಯ ಕಾರ್ಯಕರ್ತೆ ಹೋದಾಗ, ರೋಗಾಣು ಅವಳ ರಕ್ತದಲ್ಲಿ ಎಲ್ಲೆಲ್ಲಿಗೆ ಹೋಗಬಲ್ಲದು, ಹದಿನೈದು ವರ್ಷಗಳ ಮೇಲೆ ಅದು ಏನು ಮಾಡಬಲ್ಲದು ಎಂಬುದನ್ನು ಆ ಹುಡುಗಿಯ ಅಮ್ಮನಿಗೆ ಕೂತು ಹೇಳಲು ಹತ್ತು ನಿಮಿಷ ಸಾಕು.